ಅಸ್ತಮಾ: ಶ್ವಾಸನಾಳದ ಒಳಪದರದ ಪಾತ್ರ

ಅಸ್ತಮಾ ಎಂದೊಡನೆ ಸ್ನಾಯು ಬಿಗಿಯುವುದನ್ನಷ್ಟೇ ಬರೆದು ಮುಗಿಸುವವರು ಹೆಚ್ಚು. ನನ್ನ ದೃಷ್ಟಿಯಲ್ಲಿ ವಿವರಣೆ ಆರಂಭವಾಗಬೇಕಾದದ್ದು ಶ್ವಾಸನಾಳದ ಒಳಪದರವಾದ ಎಪಿಥೀಲಿಯಂನಿಂದ. ಉಸಿರಾಡುವ ಗಾಳಿ ಮೊದಲು ತಾಗುವುದು ಈ ಪದರಕ್ಕೇ. ಗಾಳಿಯ ಗುಣಮಟ್ಟ ಅಳೆಯುವ ಐಕ್ಯೂಏರ್ ಸಂಸ್ಥೆಯ ವರದಿಯಂತೆ 2018ರಲ್ಲಿ ಗುರುಗ್ರಾಮದ ಗಾಳಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 135.8 ಮೈಕ್ರೋಗ್ರಾಂ, ರಾಷ್ಟ್ರೀಯ ಮಿತಿ 40. ಇಂಥ ಸೂಕ್ಷ್ಮಕಣಗಳು ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತವೆ. ಗಾಸಿಗೊಂಡ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33 ಎಂಬ ಎಚ್ಚರಿಕೆಯ ಸಂಕೇತಗಳನ್ನು ಹೊರಬಿಡುತ್ತವೆ. ಉರಿಯೂತ, ಲೋಳೆ, ಸ್ನಾಯುಸೆಳೆತ ಆಮೇಲಿನವು. ಹಾಗಿದ್ದರೆ ಅದೇ ಗಾಳಿ ಉಸಿರಾಡುವ ಎಲ್ಲರಿಗೂ ಅಸ್ತಮಾ ಏಕಿಲ್ಲ? ಒಳಪದರದ ಗಟ್ಟಿತನ ಆನುವಂಶಿಕತೆಯನ್ನೂ ಬಾಲ್ಯದ ವೈರಸ್ ಸೋಂಕುಗಳನ್ನೂ ಅವಲಂಬಿಸಿದೆ, ಹೊಗೆಯೊಂದೇ ಕಾರಣವಲ್ಲ. ಅಲರ್ಜಿಯೇ ಮೂಲವೆಂಬ ವಾದವೂ ಪೂರ್ತಿ ನಿಲ್ಲದು: ಟಿಎಸ್‌ಎಲ್‌ಪಿಯನ್ನು ತಡೆಯುವ, 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೆಜೆಪೆಲುಮ್ಯಾಬ್ ಎಂಬ ಔಷಧ, ಅಲರ್ಜಿಯಿಲ್ಲದ ತೀವ್ರ ಅಸ್ತಮಾದಲ್ಲೂ ರೋಗ ಉಲ್ಬಣಿಸುವುದನ್ನು ತಗ್ಗಿಸಿದೆ.