ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರು: ವಿಮಾನ ನಿಲ್ದಾಣದ ತಪಾಸಣೆಯ ಮೇಲೊಂದು ಪಾಠ

ಪಾಠದ ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಮೂಡಿಗೆರೆ ತಾಲ್ಲೂಕಿನ ದೇವರಮನೆ ಬೆಟ್ಟದ ಆಸುಪಾಸಿನ ಮಕ್ಕಳು ಬರುವ ಒಂದು ಪ್ರೌಢಶಾಲೆ. ಸಣ್ಣ ಬೆಳೆಗಾರರ ಮಕ್ಕಳೂ ಕಾಫಿ ತೋಟದ ಲೈನ್ ಮನೆಗಳ ಮಕ್ಕಳೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಂಬತ್ತನೇ ತರಗತಿಗೆ ವಿಜ್ಞಾನದ ಘಟಕಗಳ ಜೊತೆಗೆ ಎರಡು ಅವಧಿಯ ಜೀವನ ಕೌಶಲ ಪಾಠವೊಂದನ್ನು ಮಾಡಬೇಕಿತ್ತು. ದೇಶದೊಳಗಿನ ವಿಮಾನ ಪ್ರಯಾಣಕ್ಕೆ ಬೇಕಾದ ಗುರುತಿನ ದಾಖಲೆ ಮತ್ತು ನಿಲ್ದಾಣದ ಭದ್ರತಾ ತಪಾಸಣೆಯನ್ನು ನಾನು ಆರಿಸಿಕೊಂಡೆ.

ಪಾಠಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕರು, "ಬಸ್ಸಿಗೆ ಕಾಯುವುದರಲ್ಲೇ ಅರ್ಧ ದಿನ ಕಳೆಯುವ ಮಕ್ಕಳಿಗೆ ವಿಮಾನದ ಪಾಠ ಯಾಕಮ್ಮ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ನೆರೆಯ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ ಮೇಲೆ ವಿಮಾನದ ಟಿಕೆಟ್ ಸಾಮಾನ್ಯರ ಕೈಗೆಟಕುವ ಮಾತಾಯಿತು. ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರು ನಿಲ್ದಾಣವಿದೆ. 2023ರಲ್ಲಿ ಶಿವಮೊಗ್ಗದಲ್ಲೂ ನಿಲ್ದಾಣ ತೆರೆದಿದೆ. ಸೇನೆ, ನರ್ಸಿಂಗ್, ಹೋಟೆಲ್ ಕೆಲಸ ಎಂದು ಈ ಮಕ್ಕಳು ದೂರ ಹೋಗುವವರೇ. ಮುಖ್ಯ ಕಾರಣ ಇನ್ನೊಂದಿದೆ: ನಿಲ್ದಾಣದ ಬಾಗಿಲಲ್ಲಿ ಓದುವ ಹೆಸರು ಮೊದಲು ಬರೆಯಲ್ಪಡುವುದು ಶಾಲೆಯ ದಾಖಲಾತಿ ವಹಿಯಲ್ಲಿ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ ಅದನ್ನು ಸರಿಪಡಿಸಿಕೊಳ್ಳಲು ಒಂಬತ್ತನೇ ತರಗತಿ ತಕ್ಕ ಕಾಲ.

ಉದ್ದೇಶಗಳು

ಪಾಠದ ನಂತರ ವಿದ್ಯಾರ್ಥಿಗಳು
1. ಅಂಗೀಕೃತ ಗುರುತಿನ ದಾಖಲೆಗಳನ್ನು ಪಟ್ಟಿ ಮಾಡುವರು;
2. ತಪಾಸಣೆಯ ನಿಯಮಗಳಿಗೆ ಕಾರಣ ಕೊಡುವರು;
3. ಲೋಹಶೋಧಕದ ತತ್ವವನ್ನು ವಿವರಿಸುವರು;
4. ತಮ್ಮ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇದೆಯೇ ಎಂದು ಪರಿಶೀಲಿಸುವರು.

ಮೊದಲ ಅವಧಿ: ಹೆಸರು, ಮನುಷ್ಯ, ಚೀಲ

"ದುಡ್ಡು ಕೊಟ್ಟು ಟಿಕೆಟ್ ತಗೊಂಡಿದೀವಲ್ಲ, ಮತ್ತೆ ಕಾರ್ಡ್ ಯಾಕೆ ಮಿಸ್?" ಎಂಬ ಪ್ರಶ್ನೆಯಿಂದಲೇ ಚರ್ಚೆ ಆರಂಭವಾಯಿತು. ಉತ್ತರವನ್ನು ಇತಿಹಾಸದಿಂದ ಕೊಟ್ಟೆ. 1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದರ ಅಪಹರಣವಾಯಿತು. ನಂತರ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆ ಪ್ರತ್ಯೇಕ ವಿಭಾಗ ಹುಟ್ಟಿತು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದ ಚೀಲ ವಿಮಾನ ಏರಿತ್ತು, ಚೀಲ ಕೊಟ್ಟವನು ಏರಿರಲಿಲ್ಲ. 1987ರ ಏಪ್ರಿಲ್ 1ರಿಂದ ಆ ವಿಭಾಗ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಐಸಿ-814 ವಿಮಾನದ ಅಪಹರಣವಾದ ಮೇಲೆ ನಿಲ್ದಾಣಗಳ ಕಾವಲನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಒಪ್ಪಿಸತೊಡಗಿದರು. 2000ದ ಫೆಬ್ರವರಿ 3ರಂದು ಜೈಪುರದಲ್ಲಿ ಅದು ಆರಂಭವಾಯಿತು.

ಕಪ್ಪುಹಲಗೆಯ ಮೇಲೆ 'ಹೆಸರು – ಮನುಷ್ಯ – ಚೀಲ' ಎಂದು ಬರೆದು ಮೂರನ್ನೂ ಗೆರೆಗಳಿಂದ ಸೇರಿಸಿದೆ. ಟಿಕೆಟ್‌ನಲ್ಲಿರುವ ಹೆಸರು, ಎದುರು ನಿಂತಿರುವ ಮನುಷ್ಯ, ಅವನು ಕೊಟ್ಟ ಚೀಲ ಒಂದಕ್ಕೊಂದು ಹೊಂದಬೇಕು. ತಪಾಸಣೆಯ ನಿಯಮಗಳಲ್ಲಿ ಹೆಚ್ಚಿನವು ಈ ತ್ರಿಕೋನದಿಂದ ಹುಟ್ಟಿದವು ಎಂದಾಗ ಮಕ್ಕಳೇ ಮುಂದಿನದನ್ನು ಊಹಿಸಿದರು. ವಾರಸುದಾರರಿಲ್ಲದ ಚೀಲ ಕಂಡರೆ ಏಕೆ ಗಾಬರಿ ಎಂಬುದಕ್ಕೆ ದೂರದ ಉದಾಹರಣೆ ಬೇಕಾಗಲಿಲ್ಲ. 2020ರ ಜನವರಿ 20ರಂದು ಮಂಗಳೂರು ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಚೀಲದಲ್ಲಿ ಸ್ಫೋಟಕ ಸಿಕ್ಕಿತ್ತು. ಭದ್ರತಾ ಸಿಬ್ಬಂದಿ ಅದನ್ನು ಸಮೀಪದ ಬಯಲಿಗೆ ಸಾಗಿಸಿ ನಾಶಪಡಿಸಿದರು.

ಆಮೇಲೆ ದಾಖಲೆಗಳ ಪಟ್ಟಿ. ಆಧಾರ್ ಒಂದೇ ನಡೆಯುತ್ತದೆ ಎಂದು ತರಗತಿ ನಂಬಿತ್ತು. 2017ರ ಅಕ್ಟೋಬರ್‌ನಲ್ಲಿ ಭದ್ರತಾ ಇಲಾಖೆ ಪ್ರಕಟಿಸಿದ ಪಟ್ಟಿಯಲ್ಲಿ ಹತ್ತು ಬಗೆಯ ದಾಖಲೆಗಳಿವೆ: ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಎಂ-ಆಧಾರ್, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ, ನೌಕರಿಯ ಗುರುತಿನ ಚೀಟಿ, ಸರ್ಕಾರಿ ವಿದ್ಯಾಸಂಸ್ಥೆಯ ವಿದ್ಯಾರ್ಥಿ ಗುರುತಿನ ಚೀಟಿ, ದೃಢೀಕೃತ ಭಾವಚಿತ್ರವಿರುವ ರಾಷ್ಟ್ರೀಕೃತ ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ. ಇವುಗಳಲ್ಲಿ ಯಾವುದಾದರೂ ಒಂದರ ಮೂಲಪ್ರತಿ ಇರಬೇಕು, ಜೆರಾಕ್ಸ್ ಸಾಲದು. ಅಪ್ಪ ಅಥವಾ ಅಮ್ಮನ ಬಳಿ ಸರಿಯಾದ ದಾಖಲೆಯಿದ್ದರೆ ಜೊತೆಗಿರುವ ಅಪ್ರಾಪ್ತ ಮಕ್ಕಳಿಗೆ ಬೇರೆ ಬೇಕಿಲ್ಲ. "ಹಾಗಾದ್ರೆ ಅಜ್ಜನ ಪಿಂಚಣಿ ಪುಸ್ತಕನೂ ಆಗುತ್ತೆ!" ಎಂದ ಹುಡುಗನಿಗೆ, ಫೋಟೊ ಇದ್ದರೆ ಆಗುತ್ತದೆ ಎಂದೆ.

ಎರಡನೇ ಅವಧಿ: ಬಾಗಿಲು ಮತ್ತು ಪರದೆ

ಲೋಹಶೋಧಕದ ಬಾಗಿಲು ಒಂದು ದೊಡ್ಡ ಅಯಸ್ಕಾಂತ, ಅದು ಕಬ್ಬಿಣವನ್ನು ಮಾತ್ರ ಹಿಡಿಯುತ್ತದೆ ಎಂಬುದು ಮಕ್ಕಳ ಕಲ್ಪನೆಯಾಗಿತ್ತು. ಇದನ್ನು ಪ್ರಯೋಗದಿಂದಲೇ ತಿದ್ದಬೇಕು. ಒಂದು ತಾಮ್ರದ ಕೊಳವೆ, ಅಷ್ಟೇ ಉದ್ದದ ಪ್ಲಾಸ್ಟಿಕ್ ಕೊಳವೆ, ಒಂದು ಪುಟ್ಟ ನಿಯೋಡಿಮಿಯಂ ಅಯಸ್ಕಾಂತ ಇದ್ದರೆ ಸಾಕು. ಅಯಸ್ಕಾಂತ ತಾಮ್ರಕ್ಕೆ ಅಂಟುವುದಿಲ್ಲ ಎಂದು ಮೊದಲು ತೋರಿಸಿದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಬಿಟ್ಟಾಗ ಅದು ತಟ್ಟನೆ ಬಿತ್ತು. ತಾಮ್ರದಲ್ಲಿ ನಿಧಾನವಾಗಿ ತೇಲಿಕೊಂಡು ಬಂದಂತೆ ಇಳಿಯಿತು. ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ಸುಳಿ ವಿದ್ಯುತ್ ಪ್ರವಾಹವನ್ನು ಉಂಟುಮಾಡುತ್ತದೆ, ಆ ಪ್ರವಾಹ ತನ್ನದೇ ಕಾಂತಕ್ಷೇತ್ರದಿಂದ ಎದುರು ನಿಲ್ಲುತ್ತದೆ. ಬಾಗಿಲಿನ ಸುರುಳಿಗಳು ಮಾಡುವುದೂ ಇದನ್ನೇ: ಬದಲಾಗುವ ಕಾಂತಕ್ಷೇತ್ರವನ್ನು ಕಳಿಸಿ, ಲೋಹದಿಂದ ಬರುವ ಪ್ರತಿಕ್ರಿಯೆಯನ್ನು ಗುರುತಿಸುತ್ತವೆ. ಹಾಗಾಗಿ ಬೆಳ್ಳಿ ಗೆಜ್ಜೆಗೂ ಬೀಪ್ ಬರಬಹುದು.

ಎಕ್ಸ್-ಕಿರಣ ಯಂತ್ರಕ್ಕೆ ಸ್ಕೆಚ್ ಪೆನ್ನಿನ ಚಾರ್ಟ್ ಬಳಸಿದೆ. ಎರಡು ಶಕ್ತಿಮಟ್ಟದ ಕಿರಣಗಳು ಎಷ್ಟು ಹೀರಲ್ಪಟ್ಟವು ಎಂಬುದರಿಂದ ಯಂತ್ರ ವಸ್ತುವಿನ ಪರಮಾಣು ಸಂಖ್ಯೆಯನ್ನು ಅಂದಾಜಿಸಿ ಬಣ್ಣ ಕೊಡುತ್ತದೆ: ಬಟ್ಟೆ, ಕಾಗದ, ಆಹಾರದಂಥ ಸಾವಯವ ವಸ್ತುಗಳಿಗೆ ಕಿತ್ತಳೆ, ಅಲ್ಯೂಮಿನಿಯಂನಂಥವಕ್ಕೆ ಹಸಿರು, ಉಕ್ಕಿನಂಥ ಲೋಹಗಳಿಗೆ ನೀಲಿ. ಮನೆಯ ಕಾಫಿಪುಡಿಯೂ ಕಿತ್ತಳೆ, ಹಲವು ಸ್ಫೋಟಕಗಳೂ ಕಿತ್ತಳೆ. ಆದ್ದರಿಂದ ಸಿಬ್ಬಂದಿ ಚೀಲ ಬಿಚ್ಚಿಸಿದರೆ ನಮ್ಮನ್ನು ಕಳ್ಳರೆಂದು ತಿಳಿದರು ಎಂದುಕೊಳ್ಳಬೇಕಿಲ್ಲ. ಈ ಮಾತಿಗೆ ಲೈನ್ ಮನೆಯ ಮಕ್ಕಳ ಮುಖ ಹಗುರಾದದ್ದನ್ನು ಗಮನಿಸಿದೆ.

ಕೊನೆಗೆ ಚೀಲ ಕಟ್ಟುವ ಆಟ. ಗಿಡ ಸವರುವ ಕತ್ತರಿ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಬೇಕು. ಪವರ್ ಬ್ಯಾಂಕ್ ಲಗೇಜಿಗೆ ಬೇಡ, ಕೈಚೀಲದಲ್ಲಿರಬೇಕು. ಬೆಂಕಿಪೊಟ್ಟಣ ಎರಡರಲ್ಲೂ ಬೇಡ. ಒಣಕೊಬ್ಬರಿ ಲಗೇಜಿನಲ್ಲಿ ನಿಷಿದ್ಧ ಎಂದಾಗ ಎಲ್ಲರಿಗೂ ಆಶ್ಚರ್ಯ. ಅದರ ಎಣ್ಣೆಯಂಶ ಬೇಗ ಹೊತ್ತಿಕೊಳ್ಳುತ್ತದೆ ಎಂಬ ಕಾರಣವನ್ನು ಒಲೆ ಹಚ್ಚಿ ಗೊತ್ತಿದ್ದ ಹುಡುಗಿಯೊಬ್ಬಳು ತಾನೇ ಹೇಳಿದಳು.

ಮನೆಗೆಲಸ ಮತ್ತು ಫಲಿತ

ಮನೆಗೆಲಸವಾಗಿ ಒಂದು ಚೀಟಿ ಕೊಟ್ಟೆ. ಅದರಲ್ಲಿ ಶಾಲಾ ದಾಖಲೆಯ ಹೆಸರು, ಆಧಾರ್‌ನಲ್ಲಿರುವ ಹೆಸರು, ಎರಡರ ಜನ್ಮ ದಿನಾಂಕ ಇಷ್ಟೇ ಅಂಕಣಗಳು. ಕಾರ್ಡ್ ತರಬಾರದು, ಸಂಖ್ಯೆ ಬರೆಯಬಾರದು, ಚೀಟಿಯನ್ನು ಬೇರೆಯವರಿಗೆ ತೋರಿಸಬೇಕಿಲ್ಲ ಎಂದು ಮೊದಲೇ ಹೇಳಿದ್ದೆ.

ಚೀಟಿಗಳಲ್ಲಿ ಮೂರು ಬಗೆಯ ವ್ಯತ್ಯಾಸ ಕಂಡಿತು. ಒಂದು, ನಮ್ಮ ಇನಿಷಿಯಲ್‌ಗಳು: ಶಾಲೆಯಲ್ಲಿ 'ಸುಮಾ ಕೆ.ಆರ್.' ಆದವಳು ಇನ್ನೊಂದು ಕಡೆ ಅಪ್ಪನ ಪೂರ್ಣ ಹೆಸರಿನೊಂದಿಗೆ ಇದ್ದಾಳೆ. ಟಿಕೆಟ್ ಅರ್ಜಿಯಾದರೋ 'ಮೊದಲ ಹೆಸರು', 'ಕೊನೆಯ ಹೆಸರು' ಎಂದು ಕೇಳುತ್ತದೆ. ಎರಡು, ಇಂಗ್ಲಿಷ್ ಕಾಗುಣಿತ: ಲಕ್ಷ್ಮಿಯ 'ಕ್ಷ' ಒಂದರಲ್ಲಿ 'ಕೆ, ಎಸ್, ಎಚ್' ಆಗಿ, ಇನ್ನೊಂದರಲ್ಲಿ 'ಎಕ್ಸ್' ಆಗಿ ಕೂತಿದೆ. ಮೂರು, ಲಿಪ್ಯಂತರ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದ ಹುಡುಗನ ಹೆಸರು ಕನ್ನಡಕ್ಕೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಎರಡು ಅಕ್ಷರ ಬದಲಾಗಿತ್ತು. ಅವನು ಚೀಟಿ ಕೊಡುತ್ತಾ, "ಅಜ್ಜಿ ತೀರಿಕೊಂಡಾಗ ಅಪ್ಪ ರೈಲಲ್ಲಿ ಹೋಗಿ ಮುಟ್ಟೋದರಲ್ಲಿ ಎಲ್ಲಾ ಮುಗಿದಿತ್ತು. ಮುಂದೆ ನಾನು ದುಡಿದು ಟಿಕೆಟ್ ತೆಗೆದ್ರೆ ಈ ಹೆಸರಲ್ಲಿ ಬಿಡ್ತಾರಾ ಮಿಸ್?" ಎಂದು ಕೇಳಿದ. ತೋರಿಸುವ ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ ಟಿಕೆಟ್‌ನಲ್ಲಿ ಬರೆಸಿದರೆ ಬಿಡುತ್ತಾರೆ, ಆದರೆ ಎರಡು ಹೆಸರು ಹೊತ್ತುಕೊಂಡು ಓಡಾಡುವುದಕ್ಕಿಂತ ಈಗಲೇ ಒಂದು ಮಾಡಿಕೊಳ್ಳುವುದು ಒಳ್ಳೆಯದು ಎಂದೆ. ಮಾರ್ಗದರ್ಶಕ ಶಿಕ್ಷಕರು ಆ ಚೀಟಿಗಳನ್ನು ತಾವೇ ತೆಗೆದುಕೊಂಡು ಮುಖ್ಯ ಶಿಕ್ಷಕರ ಕೊಠಡಿಗೆ ಹೋದರು. ವ್ಯತ್ಯಾಸವಿದ್ದ ಮಕ್ಕಳ ಪೋಷಕರನ್ನು ದಾಖಲೆಗಳೊಂದಿಗೆ ಕರೆಸುವುದೆಂದು ನಿರ್ಧಾರವಾಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆ

ಈ ಪಾಠವನ್ನು ವಿಮಾನದ ಚಿತ್ರ ತೋರಿಸಿ ಮುಗಿಸಬೇಡಿ. ನಿಯಮವನ್ನು ಹೇಳಿದಲ್ಲೆಲ್ಲ ಕಾರಣವನ್ನೂ ಹೇಳಿ. ಕಾರಣ ತಿಳಿದ ಮಗು ಸಮವಸ್ತ್ರದ ಮುಂದೆ ತೊದಲುವುದಿಲ್ಲ. ದಾಖಲೆಯಿಲ್ಲದ ಮಗು, ಅಪ್ಪನ ಹೆಸರು ಬರೆಯಲು ಹಿಂಜರಿಯುವ ಮಗು ಯಾವ ತರಗತಿಯಲ್ಲೂ ಇರಬಹುದು. ಅಂಥವರ ಚೀಟಿಯನ್ನು ಖಾಲಿಯಾಗಿಯೇ ಸ್ವೀಕರಿಸಿ, ಆಮೇಲೆ ಒಂಟಿಯಾಗಿ ಮಾತಾಡಿಸಿ. ತಿದ್ದುಪಡಿಯನ್ನು ನಾವೇ ಮಾಡಿಸಿಕೊಡುತ್ತೇವೆಂದು ಮಾತು ಕೊಡಬೇಡಿ. ಅದು ಮುಖ್ಯ ಶಿಕ್ಷಕರ ಮೂಲಕ, ಇಲಾಖೆಯ ನಿಯಮದಂತೆ ಆಗಬೇಕಾದ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ಇದೇ ತಿದ್ದುಪಡಿಗೆ ಮಂಡಳಿಯವರೆಗೆ ಅರ್ಜಿ ಹೋಗಬೇಕು. ಒಂಬತ್ತನೇ ತರಗತಿಯಲ್ಲಾದರೆ ಶಾಲೆಯ ಮಟ್ಟದಲ್ಲೇ ಅದಕ್ಕೆ ಚಾಲನೆ ಸಿಗುತ್ತದೆ.