ಫಿಲ್ಲಿಂಗ್ ಅಡಿಯಲ್ಲಿ ಮತ್ತೆ ಹುಳುಕು ಹತ್ತದಿರಲು

ಫಿಲ್ಲಿಂಗ್ ಮಾಡಿಸಿದ ಹಲ್ಲೇ ಮತ್ತೆ ಹುಳುಕಾಯಿತೆಂಬ ದೂರು ಹೊಸದಲ್ಲ. ತುಂಬಿದ ವಸ್ತುವಿಗೂ ಹಲ್ಲಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಬಿಟ್ಟರೂ ಸಾಕು, ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್‌ನಂಥ ಬ್ಯಾಕ್ಟೀರಿಯಾ ಅಲ್ಲಿ ಬೀಡುಬಿಟ್ಟು, ನಾವು ತಿಂದ ಸಕ್ಕರೆಯಿಂದ ಆಮ್ಲ ತಯಾರಿಸುತ್ತವೆ.

ಮೊದಲು ವೈದ್ಯರನ್ನು ಕೇಳಿ: ಯಾವ ವಸ್ತು, ಏಕೆ? ಹಲ್ಲಿನ ಬಣ್ಣಕ್ಕೆ ಹೊಂದುವ ಕಾಂಪೋಸಿಟ್ ಚೆಂದ, ಗಟ್ಟಿ. ಆದರೆ ಬೆಳಕಿಗೆ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ; ಸಾಮಾನ್ಯ ಕಾಂಪೋಸಿಟ್‌ಗೆ ಬ್ಯಾಕ್ಟೀರಿಯಾ ತಡೆಯುವ ಗುಣವೂ ಅಷ್ಟಕ್ಕಷ್ಟೆ. ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ಸುಮಾರು 1970ರ ಹೊತ್ತಿಗೆ ರೂಪಿಸಿದ ಗ್ಲಾಸ್ ಅಯೊನೊಮರ್ ಫ್ಲೋರೈಡ್ ಬಿಡುಗಡೆ ಮಾಡುತ್ತದೆ. ಮೊದಲ ಒಂದೆರಡು ದಿನ ಹೆಚ್ಚು, ಆಮೇಲೆ ಸಣ್ಣ ಪ್ರಮಾಣದಲ್ಲಿ ಬಹುಕಾಲ. ಜಗಿಯುವ ಒತ್ತಡಕ್ಕೆ ಅದು ಬೇಗ ಸವೆಯುತ್ತದೆ, ನಿಜ. ಆದರೂ ಪದೇ ಪದೇ ಹುಳುಕು ಹತ್ತುವವರಿಗೆ, ಒಸಡಿನ ಪಕ್ಕದ ಕುಳಿಗಳಿಗೆ, ಮಕ್ಕಳ ಹಾಲುಹಲ್ಲಿಗೆ ಅದನ್ನೇ ಮೊದಲು ಪರಿಗಣಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೆಳ್ಳಿ-ಪಾದರಸದ ಅಮಾಲ್ಗಮ್‌ನಿಂದ ಹೊರಬರುವ ಲೋಹದ ಅಯಾನುಗಳೂ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ. ಆದರೆ ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದಡಿ ಅದರ ಬಳಕೆ ಇಳಿಮುಖವಾಗಿದೆ.

ಕುಳಿ ಆಳವಾಗಿದ್ದರೆ ಕೆಲವೊಮ್ಮೆ ತಾತ್ಕಾಲಿಕ ಫಿಲ್ಲಿಂಗ್ ಹಾಕುತ್ತಾರೆ. ಜಿಂಕ್ ಆಕ್ಸೈಡ್ ಪುಡಿಗೆ ಲವಂಗದೆಣ್ಣೆಯ ಮುಖ್ಯಾಂಶ ಯುಜೆನಾಲ್ ಕಲಸಿದ ಮಿಶ್ರಣವಿದು. ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಹತ್ತಿಕ್ಕುತ್ತದೆ, ನೋವನ್ನೂ ಶಮನಗೊಳಿಸುತ್ತದೆ. ನೋವು ಹೋಯಿತೆಂದು ಎಷ್ಟೋ ಮಂದಿ ಮರಳಿ ಹೋಗುವುದೇ ಇಲ್ಲ! ಅದು ಬೇಗ ಸವೆದು ಒಡೆಯುವ ವಸ್ತು. ಕೊಟ್ಟ ದಿನಾಂಕ ತಪ್ಪಿಸಬೇಡಿ.

ಫಿಲ್ಲಿಂಗ್ ಮಾಡುವಾಗ ಹಲ್ಲು ಒಣಗಿರಬೇಕು. ಎಂಜಲು ತಾಗಿದರೆ ಕಾಂಪೋಸಿಟ್ ಸರಿಯಾಗಿ ಅಂಟದು. ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟಿದರೆ ಕಿರಿಕಿರಿಯೆನ್ನದೆ ಸಹಕರಿಸಿ.

ಗ್ಲಾಸ್ ಅಯೊನೊಮರ್ ಹಾಕಿಸಿದ್ದರೆ ಒಂದು ದಿನ ಆ ಕಡೆ ಚಕ್ಕುಲಿ, ಕಡಲೆಯಂಥ ಗಟ್ಟಿ ತಿಂಡಿ ಜಗಿಯಬೇಡಿ. ಮುಂದೆ ಬೆಳಿಗ್ಗೆ, ರಾತ್ರಿ ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜಿ. ನೊರೆ ಉಗುಳಿ, ತಕ್ಷಣ ನೀರು ಹಾಕಿ ಬಾಯಿ ಮುಕ್ಕಳಿಸಬೇಡಿ. ಪೇಸ್ಟ್‌ನ ಫ್ಲೋರೈಡನ್ನು ಗ್ಲಾಸ್ ಅಯೊನೊಮರ್ ಹೀರಿಕೊಂಡು ಮತ್ತೆ ನಿಧಾನವಾಗಿ ಬಿಡುತ್ತದೆ. ಈ ಗುಣ ಸಾಮಾನ್ಯ ಕಾಂಪೋಸಿಟ್‌ಗಿಲ್ಲ. ಅದನ್ನು ಹಾಕಿಸಿಕೊಂಡವರು ಅಂಚಿನಲ್ಲಿ ಪಾಚಿ ಕಟ್ಟದಂತೆ ಇನ್ನಷ್ಟು ಎಚ್ಚರ ವಹಿಸಬೇಕು. ಊಟಗಳ ನಡುವೆ ಬಿಸ್ಕತ್ತು, ಸಿಹಿ ಕಾಫಿ ಕಡಿಮೆ ಮಾಡದಿದ್ದರೆ ಯಾವ ವಸ್ತುವೂ ಕಾಯಲಾರದು.

ಫ್ಲಾಸ್ ದಾರ ಒಂದೇ ಕಡೆ ಸಿಕ್ಕಿ ಹರಿಯುತ್ತಿದ್ದರೆ, ಅಂಚು ನಾಲಿಗೆಗೆ ಒರಟಾದರೆ ಅಥವಾ ಸುತ್ತ ಕಪ್ಪು ಗೆರೆ ಕಂಡರೆ ನೋವಿಗಾಗಿ ಕಾಯದೆ ದಂತವೈದ್ಯರಿಗೆ ತೋರಿಸಿ. ಆ ಹಂತದಲ್ಲಿ ಎಷ್ಟೋ ಸಲ ಅಂಚನ್ನಷ್ಟೇ ಸರಿಪಡಿಸಿದರೆ ಸಾಕಾಗುತ್ತದೆ.