ಮೂರ್ಛೆ ತಿಳಿದ ಮೇಲಣ ಕೆಲವು ನಿಮಿಷಗಳು

ಶಾಲೆಯಲ್ಲಿ ಒಬ್ಬ ಬಾಲೆಗೆ, ಅಥವಾ ಪೀಣ್ಯದ ಯಂತ್ರಶಾಲೆಯಲ್ಲಿ ಒಬ್ಬ ಕೆಲಸಗಾರನಿಗೆ ಮೂರ್ಛೆ ಬಂದಾಗ, ಸೆಳೆತವು ನಿಂತೊಡನೆ ಎಲ್ಲವೂ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ವೈದ್ಯರಿಗೆ ಬೇಕಾದ ಸಾಕ್ಷ್ಯವು ಆ ಮೇಲಣ ನಿಮಿಷಗಳಲ್ಲಿಯೂ ಅಡಗಿರುತ್ತದೆಂಬದನ್ನು ತಾಯ್ತಂದೆಗಳೂ ಹಳೆಯ ವಿದ್ಯಾರ್ಥಿನಿಯರೂ ಅರಿತಿರಬೇಕು.

ಎರಡು ಕಿವಿಗಳ ಮೇಲ್ಗಡೆ, ತಲೆಯ ಒಳಗಿರುವ ಮೆದುಳಿನ ಭಾಗಕ್ಕೆ ಟೆಂಪೊರಲ್ ಲೋಬ್ ಎಂದು ಹೆಸರು. ಇದು ಜ್ಞಾಪಕಶಕ್ತಿಯ ಮುಖ್ಯ ಸ್ಥಾನ. ಇಲ್ಲಿ ಹುಟ್ಟುವ ಅಪಸ್ಮಾರದಲ್ಲಿ ರೋಗಿಯು ಕೆಳಗೆ ಬೀಳದೆ, ಶೂನ್ಯದೃಷ್ಟಿಯಿಂದ ನೋಡುತ್ತಾ, ತುಟಿಗಳನ್ನು ಚಪ್ಪರಿಸುತ್ತಾ ಇರಬಹುದು. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಮೂರ್ಛೆಯೂ ಅನೇಕರಲ್ಲಿ ಈ ಬಗೆಯದೇ, ಬೆಂಗಳೂರಿನ ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ 1968ರಲ್ಲಿ ಇದನ್ನು ವರ್ಣಿಸಿದರು.

ಮೆದುಳಿನ ವಿದ್ಯುತ್ತರಂಗಗಳನ್ನು ಮನುಷ್ಯರಲ್ಲಿ ಮೊದಲು ಗುರುತಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, ಅದು 1924ರಲ್ಲಿ. ಎಚ್ಚರವಾಗಿ ಕಣ್ಣು ಮುಚ್ಚಿ ಕುಳಿತವರಲ್ಲಿ ಈ ತರಂಗಗಳು ಸೆಕೆಂಡಿಗೆ 8ರಿಂದ 13ರ ವರೆಗೆ ಏಳುವವು. ಮೂರ್ಛೆಯ ಬಳಿಕವಾದರೋ, ದಣಿದ ಭಾಗದಲ್ಲಿ ಅವು 4ಕ್ಕಿಂತಲೂ ಕಡಿಮೆಯಾಗಿ ನಿಧಾನವಾಗುವದುಂಟು. ಹೀಗೆ ಒಂದೇ ಪಕ್ಕದಲ್ಲಿ ಕಂಡುಬಂದರೆ, ರೋಗವು ಆ ಪಕ್ಕದಲ್ಲಿಯೇ ಹುಟ್ಟಿತೆಂಬದಕ್ಕೆ ಅದೊಂದು ಸುಳಿವು. ಔಷಧಕ್ಕೆ ಮಣಿಯದ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ಇಂಥ ಸುಳಿವುಗಳೆಲ್ಲವನ್ನೂ ಕೂಡಿಸಿ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ. ದೊಡ್ಡ ಸೆಳೆತದ ನಂತರ ತರಂಗಗಳು ಕೆಲವು ವೇಳೆ ಬಹುಮಟ್ಟಿಗೆ ಅಡಗಿಹೋಗುವವು. ಇದು ಮುಂಬರುವ ಅಪಾಯದ ಗುರುತಾದೀತೋ ಎಂದು ವಿದ್ವಾಂಸರು ಪರಿಶೀಲಿಸುತ್ತಿದ್ದಾರೆ. ಆದರೂ ಒಂದೇ ಗುರುತಿನಿಂದ ಒಬ್ಬಳ ಭವಿಷ್ಯವನ್ನು ನಿರ್ಣಯಿಸಲಾಗದು.

ಯಂತ್ರವಿಲ್ಲದ ಮನೆಯಲ್ಲಿ ತಾಯಿಯ ಕಣ್ಣೂ ಗಡಿಯಾರವೂ ಸಾಕು. ಎಷ್ಟು ಹೊತ್ತಿಗೆ ತನ್ನ ಹೆಸರು ಹೇಳಿದಳು? ಎಚ್ಚರವಿದ್ದರೂ ಮಾತು ತಡವಾಯಿತೇ? ಹಾಗಾದರೆ ಮೆದುಳಿನ ಮಾತಿನ ಪಕ್ಕ, ಬಹುಮಂದಿಯಲ್ಲಿ ಎಡಪಕ್ಕ, ಬಾಧಿತವಾಗಿರಬಹುದು. ಯಾವ ಕೈ ಸೋತಿತ್ತು? ಅದು ಎದುರು ಪಕ್ಕವನ್ನು ತೋರಿಸುವದು. ಇವನ್ನೆಲ್ಲಾ ಬರೆದಿಟ್ಟು ವೈದ್ಯರಿಗೆ ಒಪ್ಪಿಸಿರಿ.

ಕೈಗೆ ಕಬ್ಬಿಣ ಕೊಡಬೇಡಿರಿ. ಬಾಯಿಗೆ ಏನನ್ನೂ ಹಾಕಬೇಡಿರಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ಸೆಳೆತವು 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಬುದ್ಧಿ ಪೂರ್ಣವಾಗಿ ತಿಳಿಯಾಗುವ ವರೆಗೆ ಬಾಲೆಯನ್ನು ಒಬ್ಬಳನ್ನೇ ಬಿಡಲಾಗದು. ಕೆಲಸಗಾರನನ್ನು ಯಂತ್ರದ ಬಳಿಗೆ ಕಳುಹಿಸಲೂ ಆಗದು. ನಾಚಿಕೆಯಿಂದ ಮುಚ್ಚಿಟ್ಟ ರೋಗವು ಬೆಳೆಯುವದು. ಕಂಡದ್ದನ್ನು ಕಂಡಂತೆ ಹೇಳಿದ ಮನೆಯಲ್ಲಿ ಮಗಳ ಓದು ಮುಂದುವರಿಯುವದು.